ಖಾಲಿ ತೊಟ್ಟಿಲು ತೂಗಬಾರದು

ನಮ್ಮ ಮನೆಗೆ ಈಗ ಏನೂ ತರುವ ಹಾಗಿಲ್ಲ. ಕುಲಾವಿ ಇಲ್ಲ, ಕಾಲುಚೀಲ ಇಲ್ಲ, ಸೊಳ್ಳೆಪರದೆ ಇಲ್ಲ. ಮಗು ಕೈಗೆ ಬರುವ ತನಕ ಅದರ ಹೆಸರಲ್ಲಿ ಒಂದು ಪಿನ್ನೂ ಹೊಸ್ತಿಲು ದಾಟಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಮೊಬೈಲಿನಲ್ಲಿ ಸುಮ್ನೆ ನೋಡುತ್ತಾ ಕೂತರೂ ಕೆಮ್ಮುತ್ತಾರೆ. ಅದೇ ಅತ್ತೆ ಹೋದ ಶನಿವಾರ ಚನ್ನಪಟ್ಟಣದ ಗೊಂಬೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಚೌಕಾಸಿ ಮಾಡಿ ಒಂದು ತೊಟ್ಟಿಲು ಕೊಂಡರು. ನನ್ನ ಮಗುವಿಗಲ್ಲ, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ.

ಹರಕೆ ಅವರದ್ದು. ನನಗೆ ಹೇಳಿರಲೂ ಇಲ್ಲ.

ಹೋದ ಸಲ ಐದನೇ ತಿಂಗಳಿಗೆ ಹೋಗಿಬಿಟ್ಟಿತು. ಆಗ ಅವಸರ ಮಾಡಿ ಒಂದು ಜೊತೆ ಹಳದಿ ಕಾಲುಚೀಲ ತಂದಿಟ್ಟಿದ್ದೆ, ನನ್ನ ಎರಡು ಬೆರಳು ತೂರಿಸಿದರೆ ತುಂಬಿಹೋಗುವಷ್ಟು ಚಿಕ್ಕದು, ಅದು ಈಗಲೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಇದೆ, ಎಸೆಯೋಕೆ ಮನಸ್ಸು ಬಂದಿಲ್ಲ. ಕಾಲುಚೀಲಕ್ಕೂ ಆದದ್ದಕ್ಕೂ ಏನೂ ಸಂಬಂಧ ಇಲ್ಲ ಅಂತ ನನಗೆ ಗೊತ್ತು. ಅತ್ತೆಗೂ ಗೊತ್ತಿದೆ ಅಂತ ಕಾಣುತ್ತದೆ. ಆದರೂ ಈ ಸಲ ನಾವಿಬ್ಬರೂ ಆ ವಿಷಯದಲ್ಲಿ ವಾದ ಮಾಡಿಲ್ಲ. ವಿಷಯ ಗೊತ್ತಾದ ದಿನವೇ ಅವರು ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರಂತೆ. "ಏಳು ತಿಂಗಳು ದಾಟಿಸಪ್ಪಾ, ತೊಟ್ಟಿಲು ತಂದು ಕೊಡ್ತೀನಿ. ಹುಟ್ಟಿದ್ಮೇಲೆ ಮಗೂನ ತಂದು ನಿನ್ನ ಮುಂದೆ ಮಲಗಿಸ್ತೀನಿ." ಎರಡು ಕಂತಿನ ಹರಕೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರಲ್ವಾ.

ಈಗ ನನಗೆ 32 ವಾರ. ಬೆಳಗಾದರೆ ಅಳತೆಯದ್ದೇ ಮಾತು. ಬಿಪಿ ಎಷ್ಟು, ಶುಗರ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು. ದರ್ಜಿ ಅಳತೆ ತೆಗೆಯುವ ಹಾಗೆ ಡಾಕ್ಟರು ಹೊಟ್ಟೆಯ ಮೇಲೆ ಟೇಪು ಹಿಡಿದು 31 ಸೆಂಟಿಮೀಟರ್ ಅಂತ ಬರೆದುಕೊಂಡರು. ಸ್ಕ್ಯಾನಿನಲ್ಲಿ ಮಗು 1,750 ಗ್ರಾಂ. ಆ ಸಂಖ್ಯೆ ಕೇಳಿ ಅತ್ತೆ ಸಂಜೆ ಅಡುಗೆಮನೆಯಲ್ಲಿ ಎರಡು ಕೇಜಿ ಅಕ್ಕಿ ಚೀಲ ಎತ್ತಿ ಎತ್ತಿ ನೋಡುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಒದೆತವನ್ನೂ ಎಣಿಸಬೇಕು. ಊಟ ಆದ ಮೇಲೆ ಎಡಮಗ್ಗುಲಿಗೆ ಮಲಗಿ ಹತ್ತು ಆಗುವ ತನಕ ಲೆಕ್ಕ. ಏಳಕ್ಕೋ ಎಂಟಕ್ಕೋ ಬಂದು ನಿಂತರೆ ಆ ಮಿಕ್ಕ ಎರಡಕ್ಕೆ ಕಾಯುವಾಗ ಬರುವ ದೇವರ ನೆನಪು ಇದೆಯಲ್ಲ, ಅದು ಯಾವ ಪೂಜೆಯಲ್ಲೂ ನನಗೆ ಬಂದದ್ದಿಲ್ಲ.

ಹೋಗಿಬರಲು ಡಾಕ್ಟರು ಒಪ್ಪಿದರು. ಗಂಟೆಗೊಮ್ಮೆ ಇಳಿದು ನಡೆಯಿರಿ, ಬೆಲ್ಟು ಹೊಟ್ಟೆಯ ಕೆಳಗೆ ಬರಲಿ, ನೀರು ಕುಡಿಯಿರಿ ಅಂದರು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. 2023ರಲ್ಲಿ ಆದ ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದು ಸುಮ್ನೆ ಹೋಗುತ್ತಿದ್ದರೆ ಚನ್ನಪಟ್ಟಣವೇ ಸಿಗುವುದಿಲ್ಲ, ಬೈಪಾಸಿನಲ್ಲಿ ದಾಟಿಬಿಡುತ್ತದೆ. ಇಳಿದು ಹಳೆ ಮೈಸೂರು ರಸ್ತೆಗೆ ಬರಬೇಕು. ಆಮೇಲೆ ಹಂಪು. ಪ್ರತಿ ಹಂಪಿಗೂ ಹಿಂದಿನ ಸೀಟಿನಿಂದ ಅತ್ತೆ "ನಿಧಾನ, ನಿಧಾನ" ಅನ್ನುವುದು, ಮುಂದೆ ಇವರು ಕಾರನ್ನು ತೊಟ್ಟಿಲು ತೂಗಿದ ಹಾಗೆ ಇಳಿಸುವುದು. ಇವರ ಗಡ್ಡ ತಲೆಗೂದಲು ಎರಡೂ ಬೆಳೆದಿವೆ. ಹೆಂಡತಿ ಬಸುರಿ ಇರುವಾಗ ಗಂಡ ಕ್ಷೌರ ಮಾಡಿಸಬಾರದು, ತೆಂಗಿನಕಾಯಿ ಒಡೆಯಬಾರದು. ಆಫೀಸಿನಲ್ಲಿ ಶಬರಿಮಲೆಗಾ ಅಂತ ಕೇಳುತ್ತಾರಂತೆ, ಹೂಂ ಅಂದುಬಿಟ್ಟಿದ್ದಾರೆ.

ಅಂಗಡಿಯಲ್ಲಿ ಅತ್ತೆ ಆರಿಸಿದ್ದು ಗೇಣುದ್ದದ ತೊಟ್ಟಿಲು. ಹಾಲೆ ಮರದ್ದು, ಅರಗಿನ ಬಣ್ಣ, ಕೆಂಪು ಕಂಬಕ್ಕೆ ಹಳದಿ ಗೆರೆ, ಮೇಲೆ ಎರಡು ಹಸಿರು ಗಿಣಿ. ಕಾರಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟರು. ತೊಡೆ ಎಲ್ಲಿ ಉಳಿದಿದೆ ಈಗ, ಮಂಡಿಯ ಮೇಲೆ ಅನ್ನಿ. ಬಣ್ಣ ಎಷ್ಟು ನುಣುಪು ಅಂದರೆ ಬೆರಳು ತಾನಾಗೇ ಹೋಗಿ ತೂಗತೊಡಗಿತು.

"ಏಯ್, ಬರೀ ತೊಟ್ಟಿಲು ತೂಗಬೇಡ್ವೇ!"

ಬೆಚ್ಚಿಬಿದ್ದೆ. ನಾಮಕರಣದಲ್ಲಿ ಮಗುವನ್ನು ಮಲಗಿಸುವ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುತ್ತಾರಲ್ಲ, ಅದು ನೆನಪಾಯಿತು. ಕಾರಿನಲ್ಲಿ ಕಲ್ಲು ಎಲ್ಲಿಂದ ಬರಬೇಕು? ಎದೆಯುರಿ, ವಾಕರಿಕೆಗೆ ಅಂತ ಮೂಸಲು ಇಟ್ಟುಕೊಂಡಿದ್ದ ನಿಂಬೆಹಣ್ಣು ಕೈಯಲ್ಲಿತ್ತು. ಅದನ್ನೇ ಒಳಗೆ ಮಲಗಿಸಿದೆ. ಸರಿಯಾಗಿ ಕೂತಿತು. ಅತ್ತೆ ಬಗ್ಗಿ ನೋಡಿ ಏನೂ ಅನ್ನಲಿಲ್ಲ. ಮಿಕ್ಕ ಮೂರು ಕಿಲೋಮೀಟರೂ ನಿಂಬೆಹಣ್ಣನ್ನು ತೂಗಿಕೊಂಡು ಹೋದೆ.

ದೊಡ್ಡಮಳೂರಿನ ಮೂಲದೇವರು ಅಪ್ರಮೇಯ ಸ್ವಾಮಿ. ಅಪ್ರಮೇಯ ಅಂದರೆ ಅಳತೆಗೆ ಸಿಗದವನು. ಎಷ್ಟು ಸಲ ಬಂದಿದ್ದೇನೋ, ಈ ಹೆಸರಿನ ಅರ್ಥ ತಲೆಗೆ ಹೊಕ್ಕದ್ದು ಈ ಸಲವೇ, ಚೀಲದಲ್ಲಿ ತಾಯಿ ಕಾರ್ಡು, ಸ್ಕ್ಯಾನಿನ ಕಾಗದ, ಸೆಂಟಿಮೀಟರು ಗ್ರಾಮು ಎಲ್ಲ ಹೊತ್ತುಕೊಂಡು ಅವನೆದುರು ನಿಂತಾಗ. ನಗು ಬಂತು. ಸ್ವಲ್ಪ ಸಮಾಧಾನವೂ ಆಯಿತು, ಯಾಕೆ ಅಂತ ಹೇಳೋಕೆ ಬರುವುದಿಲ್ಲ.

ಕೃಷ್ಣನ ಗುಡಿ ಅಲ್ಲೇ ಪ್ರಾಕಾರದಲ್ಲಿ. ಕಪ್ಪು ಕಲ್ಲಿನ ಮಗು, ಅಂಬೆಗಾಲಿಟ್ಟು ಬರುತ್ತಿದೆ, ಒಂದು ಕೈಯಲ್ಲಿ ಬೆಣ್ಣೆ ಮುದ್ದೆ. ಪುರಂದರದಾಸರು ಬಂದಾಗ ಬಾಗಿಲು ಹಾಕಿತ್ತಂತೆ, ಅವರು ಹೊರಗೆ ನಿಂತು ಹಾಡಿದ್ದಕ್ಕೆ ಕೃಷ್ಣ ತಲೆ ತಿರುಗಿಸಿ ನೋಡಿದನಂತೆ. ಸ್ಥಳದಲ್ಲಿ ಹೇಳುವ ಕಥೆ. ಮೊದಲು ಬಂದಾಗಲೆಲ್ಲ ನಾನು ಅವನನ್ನು ದೇವರು ಅಂತ ನೋಡಿದ್ದೆ. ಈ ಸಲ ಕಣ್ಣು ಹೋದದ್ದು ಅವನ ಮಂಡಿಗೆ. ಕಲ್ಲುನೆಲದಲ್ಲಿ ಅಂಬೆಗಾಲಿಟ್ಟರೆ ಮಂಡಿ ತರಚುವುದಿಲ್ಲವಾ ಅಂತ ಅನ್ನಿಸಿತು.

ಸುತ್ತ ಹರಕೆಯ ತೊಟ್ಟಿಲುಗಳು. ಮಕ್ಕಳಾಗಲಿ ಅಂತ ಬಂದವರು, ಆಯಿತು ಅಂತ ಬಂದವರು, ಎಲ್ಲರೂ ಒಂದೇ ಸಾಲಿನಲ್ಲಿ. ನನ್ನ ಹಿಂದೆ ಒಬ್ಬ ಹೆಂಗಸು ಇದ್ದರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೈಯಲ್ಲಿ ಬೆಣ್ಣೆಯ ಪುಟ್ಟ ಡಬ್ಬಿ. ನನ್ನ ಹೊಟ್ಟೆ ನೋಡಿ ನಕ್ಕು "ಎಷ್ಟು ತಿಂಗಳು?" ಅಂದರು. ಹೇಳಿದೆ. ಸೆರಗು ಎಳೆದುಕೊಂಡೆ. ದೃಷ್ಟಿಗೆ ಹೆದರಿ ಅಲ್ಲ, ನಾಚಿಕೆಗೆ. ಎರಡು ವರ್ಷದ ಹಿಂದೆ ನಾನೂ ಇದೇ ಸಾಲಿನಲ್ಲಿ ಬೆಣ್ಣೆ ಹಿಡಿದು ನಿಂತಿದ್ದೆ, ಮುಂದೆ ನಿಂತಿದ್ದ ಬಸುರಿಯ ಬೆನ್ನನ್ನೇ ನೋಡುತ್ತಾ ಏನೇನು ಅಂದುಕೊಂಡಿದ್ದೆ ಅನ್ನುವುದು ಇನ್ನೂ ನೆನಪಿದೆ.

ಅರ್ಚಕರು ತೊಟ್ಟಿಲು ಇಸಿದುಕೊಂಡು ಒಳಗೆ ನೋಡಿದರು. "ಇದೇನಮ್ಮಾ, ನಿಂಬೆಹಣ್ಣು?" ನಾನು ತಡವರಿಸಿದೆ. ಅತ್ತೆಯೇ "ಬರೀದು ತೂಗಬಾರ್ದಲ್ವಾ ಸ್ವಾಮಿ, ಅದಕ್ಕೆ" ಅಂದರು. ಅವರು ನಕ್ಕು ತೊಟ್ಟಿಲಿಗೆ ಒಂದು ತುಳಸಿ ಕುಡಿ ಹಾಕಿ ಕೃಷ್ಣನ ಪಾದಕ್ಕೆ ಇಟ್ಟರು. ನಿಂಬೆಹಣ್ಣನ್ನೂ ಅಲ್ಲೇ ಮುಟ್ಟಿಸಿ, ಕುಂಕುಮ ಹಚ್ಚಿ ನನ್ನ ಕೈಗೆ ವಾಪಸ್ ಕೊಟ್ಟರು.

ನನಗೆ ಪ್ರದಕ್ಷಿಣೆ ಬೇಡ ಅಂತ ಕಂಬದ ಹತ್ತಿರ ಕೂರಿಸಿದರು. ಆ ಹೆಂಗಸು ಪೂಜೆ ಮುಗಿಸಿ ಪಕ್ಕದಲ್ಲೇ ಬಂದು ಕೂತರು. ಇಬ್ಬರಿಗೂ ಮಾತಿಲ್ಲ. ಆಗ ಅತ್ತೆ ಬಂದರು. ಬಸುರಿ ಹೆಂಗಸು ಯಾರ ಕೈಯಿಂದಲೂ ನಿಂಬೆಹಣ್ಣು ತಗೋಬಾರದು, ಯಾರಿಗೂ ಕೊಡಬಾರದು ಅಂತ ನಾಲ್ಕು ತಿಂಗಳಿಂದ ನನಗೆ ಪಾಠ ಮಾಡಿದವರು ಇವರೇ. ನನ್ನ ಕೈ ಬಿಡಿಸಿ ಆ ಕುಂಕುಮ ಹತ್ತಿದ ಹಣ್ಣು ತೆಗೆದುಕೊಂಡರು.

"ಸೆರಗು ಒಡ್ಡಮ್ಮಾ" ಅಂದರು ಆ ಹೆಂಗಸಿಗೆ. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಒಡ್ಡಿದರು. "ತೊಟ್ಟಿಲಲ್ಲಿ ಮಲಗಿತ್ತು, ತಗೊಂಡು ಹೋಗು" ಅಂತ ಹಾಕಿ, ತಿರುಗಿ ನೋಡದೆ ಚಪ್ಪಲಿ ಬಿಟ್ಟಿದ್ದ ಕಡೆಗೆ ನಡೆದುಬಿಟ್ಟರು.

ಕಾರಿನಲ್ಲಿ ರಾಮನಗರದ ತನಕ ಯಾರೂ ಮಾತಾಡಲಿಲ್ಲ. ಅಲ್ಲಿ ಇವರ ಭುಜ ತಟ್ಟಿ ಗಾಡಿ ನಿಲ್ಲಿಸಲು ಹೇಳಿದರು.

"ಅವಳಿಗೆ ಮೂಸೋಕೆ ಬೇರೆ ನಿಂಬೆಹಣ್ಣು ತಗೊಂಡು ಬಾ. ಎರಡು ತಾ. ಚೌಕಾಸಿ ಮಾಡ್ಬೇಡ."