ಬೇವಿನ ಮರದ ಕೆಳಗಿನ ಬುತ್ತಿ

ನಾನು ಓದಿದ ಶಾಲೆಯ ಸಂಚಿಕೆಗೆ ಆ ದಿನಗಳ ಬಗ್ಗೆ ಬರೆದುಕೊಡು ಎಂದು ಗುರುಗಳು ಕೇಳಿದ್ದಾರೆ. ಪಾಠ, ಪರೀಕ್ಷೆ, ಆಟದ ಬಗ್ಗೆ ಉಳಿದವರು ಬರೆಯುತ್ತಾರೆ. ನಾನು ಬುತ್ತಿಯ ಬಗ್ಗೆ ಬರೆಯುತ್ತೇನೆ. ನನಗೆ ಶಾಲೆ ಅಂದರೆ ಮಧ್ಯಾಹ್ನ ಬೆಲ್ ಹೊಡೆದ ಮೇಲಿನ ಆ ಹೊತ್ತು.

ನಾವು ಎಂಟನೇ ತರಗತಿಗೆ ಬಂದದ್ದು 1997ರಲ್ಲಿ. ಜೂನ್‌ನಲ್ಲಿ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಹೆಸರಿನ ಕೆಳಗೆ 'ಜಿಲ್ಲೆ: ರಾಯಚೂರು' ಅಂತ ಬರೆದಿದ್ದೆವು. ಆಗಸ್ಟ್‌ನಲ್ಲಿ ಕೊಪ್ಪಳವೇ ಜಿಲ್ಲೆ ಆಯಿತು. ರಾಯಚೂರು ಹೊಡೆದು ಹಾಕಿ, ದಪ್ಪ ಅಕ್ಷರದಲ್ಲಿ ಕೊಪ್ಪಳ ಅಂತ ಬರೆದೆವು. ಆಗ ಹೈಸ್ಕೂಲಿನಲ್ಲಿ ಬಿಸಿಯೂಟ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ನಡೆದು ಬರುವವರೇ ಜಾಸ್ತಿ. ಎಲ್ಲರ ಚೀಲದಲ್ಲೂ ಅರಿವೆಯಲ್ಲಿ ಸುತ್ತಿದ ರೊಟ್ಟಿ.

ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. "ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ" ಅನ್ನುತ್ತಿದ್ದಳು. ಅದಕ್ಕೆ ಗಿರಣಿಗೆ ಸ್ವಲ್ಪ ಸ್ವಲ್ಪವೇ ಜೋಳ ಕಳಿಸುತ್ತಿದ್ದಳು. ಡಬ್ಬಿ ಹೊತ್ತು ಹೋಗುವ ಕೆಲಸ ನನ್ನದು. ಪರಾತದಲ್ಲಿ ಹಿಟ್ಟು, ನಡುವೆ ಗುಂಡಿ, ಅದಕ್ಕೆ ಕುದಿಯುವ ಎಸರು. ಕೈಗೆ ತಾಳುವಷ್ಟು ಆರಿದ ಮೇಲೆ ನಾದುವುದು. ಬಲಗೈಯಲ್ಲಿ ಬಡಿಯುತ್ತಾ ಎಡಗೈ ಬೆರಳಲ್ಲಿ ಅಂಚು ಸರಿಸುತ್ತಿದ್ದಳು. ರೊಟ್ಟಿ ತಾನೇ ತಿರುಗುತ್ತಿದೆ ಅನ್ನಿಸುತ್ತಿತ್ತು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದರೆ ಉಬ್ಬುತ್ತಿತ್ತು. ಮೊದಲು ಉಬ್ಬಿದ ರೊಟ್ಟಿ ತಮ್ಮನಿಗೆ, ಬೆಣ್ಣೆ ಹಚ್ಚಿ. ಅದಕ್ಕೆ ದಿನಾ ಜಗಳ. ಅಪ್ಪ ಹೊಲಕ್ಕೆ ಹೊರಡುವ ಮುಂಚೆ ತನ್ನ ಪಾಲಿನಲ್ಲಿ ಒಂದು ಚೂರು ಮುರಿದು ನನ್ನ ಕೈಗಿಟ್ಟು ಜಗಳ ಮುಗಿಸುತ್ತಿದ್ದ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಹುಡುಗಿಯರೆಲ್ಲ ಗುಂಡಗೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಒಂದೊಂದು ಮನೆಯ ಕೈ ಒಂದೊಂದು ನಮೂನೆ. ರೊಟ್ಟಿಯ ಅಂಚು ನೋಡಿಯೇ ಯಾರ ಮನೆಯದು ಅಂತ ಹೇಳುತ್ತಿದ್ದೆವು. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದವರದು ಬಿಳಿ ಜೋಳ, ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದವರದು ಸಜ್ಜಿ. ಹಚ್ಚಿಕೊಳ್ಳೋಕೆ ಹಿಂಡಿ, ಅಂದರೆ ಚಟ್ನಿಪುಡಿ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಹುಳಿ ಸೊಪ್ಪಿನ ಪುಂಡಿಪಲ್ಯ ಯಾರು ತಂದರೂ ಮೊದಲು ಖಾಲಿ. ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುವ ಕೆಲಸಕ್ಕೆ ಪೈಪೋಟಿ.

ಎಲ್ಲರ ಮನೆಯಲ್ಲೂ ದಿನಾ ಪಲ್ಯ ಇರುತ್ತಿರಲಿಲ್ಲ. ಕೆಲವರು ಬರೀ ರೊಟ್ಟಿ, ಕೆಂಪು ಖಾರ ತರುತ್ತಿದ್ದರು. ಅವರು ಸ್ವಲ್ಪ ದೂರ, ಬೆನ್ನು ಮಾಡಿ ಕೂರುತ್ತಿದ್ದರು. ಕನ್ನಡದ ಅಕ್ಕೋರು ಅದನ್ನು ಗಮನಿಸಿರಬೇಕು. ಒಂದು ದಿನ ತಮ್ಮ ಡಬ್ಬಿ ತಂದು ನಮ್ಮ ನಡುವೆಯೇ ಕೂತರು. "ಪಲ್ಯ, ಹಿಂಡಿ ಎಲ್ಲಾ ನಡುವ ಇಡ್ರಿ. ಯಾರಿಗೆ ಏನು ಬೇಕೋ ಹಚ್ಚಿಕೊಳ್ರಿ" ಅಂದರು. ಮೊದಲು ಅವರೇ ಕೈ ಹಾಕಿದ್ದು ಕೆಂಪು ಖಾರಕ್ಕೆ. ಎಣ್ಣೆ ಹಾಕಿಕೊಂಡು, "ಎಷ್ಟು ಛಲೋ ಐತವಾ, ಯಾರು ತಂದಿದ್ದು?" ಎಂದು ಕೇಳಿದರು. ಆ ಹುಡುಗಿಯ ಮುಖ ನನಗೆ ಇನ್ನೂ ಕಾಣುತ್ತದೆ. ಅವತ್ತಿನಿಂದ ಯಾರೂ ದೂರ ಕೂರಲಿಲ್ಲ. ಅಕ್ಕೋರು ನಮಗೆ ಕಲಿಸಿದ ವ್ಯಾಕರಣಕ್ಕಿಂತ ಇದು ದೊಡ್ಡದು ಅಂತ ನಾನು ನಂಬಿದ್ದೇನೆ.

2002ರಲ್ಲಿ ಸರ್ಕಾರದ ಬಿಸಿಯೂಟ, ಅಕ್ಷರ ದಾಸೋಹ, ಶುರುವಾದಾಗ ಮೊದಲು ಬಂದದ್ದು ನಮ್ಮ ಭಾಗದ ಜಿಲ್ಲೆಗಳಿಗೇ, ಅದರಲ್ಲಿ ಕೊಪ್ಪಳವೂ ಇತ್ತು. ತಮ್ಮ ಆಗ ಪ್ರಾಥಮಿಕ ಶಾಲೆಯಲ್ಲಿದ್ದ. ಬಿಸಿ ಅನ್ನ ಸಾರು ಉಂಡು ಬಂದು ಅವ್ವನಿಗೆ ವರದಿ ಒಪ್ಪಿಸುತ್ತಿದ್ದ. ಹಸಿದ ಹೊಟ್ಟೆಯಲ್ಲಿ ಲೆಕ್ಕ ತಲೆಗೆ ಹತ್ತುತ್ತದಾ? ಇಂಥ ಒಳ್ಳೆಯ ಕೆಲಸ ನಮ್ಮ ಕಾಲಕ್ಕೂ ಇರಬೇಕಿತ್ತು ಅಂತ ಅವ್ವ ಅನ್ನುತ್ತಿದ್ದಳು.

ಪುಷ್ಯ ಮಾಸದ ಬನದ ಹುಣ್ಣಿಮೆ ಹತ್ತಿರ ಬಂದರೆ ಊರಲ್ಲಿ ರೊಟ್ಟಿಯದೇ ಮಾತು. ಹುಣ್ಣಿಮೆ ಮುಗಿದು ಬಿದಿಗೆಯ ದಿನ ಕೊಪ್ಪಳದಲ್ಲಿ ಗವಿಸಿದ್ಧೇಶ್ವರನ ತೇರು. ಜಾತ್ರೆಯ ದಾಸೋಹ ತೇರಿಗೇ ಮುಗಿಯುವುದಿಲ್ಲ, ಮುಂದೆಯೂ ದಿನಗಟ್ಟಲೆ ನಡೆಯುತ್ತದೆ. ಲಕ್ಷಗಟ್ಟಲೆ ಜನರ ಊಟಕ್ಕೆ ರೊಟ್ಟಿ ಹಳ್ಳಿಗಳಿಂದಲೇ ಹೋಗುತ್ತದೆ. ಅಷ್ಟು ದಿನ ಬಾಳಬೇಕಲ್ವಾ, ಅದಕ್ಕೆ ಖಡಕ್ ರೊಟ್ಟಿ. ಬೇಯಿಸಿ ಒಲೆಯ ಸುತ್ತ ನಿಲ್ಲಿಸಿ ಒಣಗಿಸಬೇಕು. ಸ್ವಲ್ಪ ಹಸಿ ಉಳಿದರೂ ಬೂಸ್ಟು ಹಿಡಿಯುತ್ತದೆ. ದೊಡ್ಡವ್ವ, ಚಿಗವ್ವ, ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಒಬ್ಬರು ನಾದುವುದು, ಇಬ್ಬರು ಬಡಿಯುವುದು, ಒಬ್ಬರು ಬೇಯಿಸುವುದು. ಹಾಡು, ನಗು, ಸೊಸೆಯಂದಿರ ಕಷ್ಟಸುಖ ಎಲ್ಲ ಅಲ್ಲೇ. ನಾವು ಶಾಲೆಯಿಂದ ಓಡಿ ಬಂದು ರೊಟ್ಟಿ ಎಣಿಸಿ ಬುಟ್ಟಿಗೆ ಜೋಡಿಸುತ್ತಿದ್ದೆವು. ಆಮೇಲೆ ಊರಿನ ಟ್ರ್ಯಾಕ್ಟರ್ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಎಲ್ಲರ ಮನೆಯ ರೊಟ್ಟಿಯೂ ಅದರಲ್ಲಿ ಒಂದಾಗುತ್ತಿತ್ತು. ಅಂಚು ನೋಡಿ ಗುರುತು ಹಿಡಿಯುವ ನಮ್ಮ ಆಟ ಅಲ್ಲಿ ನಡೆಯುತ್ತಿರಲಿಲ್ಲ.

ಈಗಲೂ ಜಾತ್ರೆಗೆ ರೊಟ್ಟಿ ಮಾಡುವಾಗ ನಾನು ರಜೆ ಹಾಕಿ ಊರಿಗೆ ಬರುತ್ತೇನೆ. ಅವ್ವನಿಗೆ ಮೊಣಕಾಲು ನೋವು. ಆದರೂ ಬಡಿಯೋಕೆ ತಾನೇ ಕೂರುತ್ತಾಳೆ. ಕೈ ಕಡಿಮೆ ಬೀಳುತ್ತಿವೆ. ಈ ಶಾಲೆಯ ಮಕ್ಕಳೇ, ಹುಡುಗರೂ ಹುಡುಗಿಯರೂ, ಬರುವ ಬನದ ಹುಣ್ಣಿಮೆಯ ಮುಂಚೆ ಒಂದು ಸಂಜೆ ನಮ್ಮ ಮನೆಗೆ ಬನ್ನಿ. ಬಡಿಯೋಕೆ ಬರದಿದ್ದರೆ ಅವ್ವ ಕಲಿಸುತ್ತಾಳೆ. ಪುಂಡಿಪಲ್ಯ ನಾನು ಮಾಡಿಟ್ಟಿರುತ್ತೇನೆ.