‘ನನಗೊಬ್ಬಳಿಗೇನಾ ಹೀಗೆ?’

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಹೆಚ್ಚಿನವರು ಹೇಳುವುದು ಮಂಡಿನೋವು, ಸೊಂಟನೋವು. ಎರಡನೇ ವಾರವೋ ಮೂರನೇ ವಾರವೋ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಹೇಳಿಕೊಟ್ಟಾಗ ಯಾರಾದರೊಬ್ಬರು ಅರ್ಧಕ್ಕೇ ನಿಲ್ಲಿಸುತ್ತಾರೆ. ‘ಇದೊಂದು ಬೇಡ ಮೇಡಂ.’ ಯಾಕೆ ಅಂದರೆ ಮೊದಲು ಬಾಗಿಲ ಕಡೆ ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, ‘ಎದ್ದೇಳುವಾಗ ಒಂಚೂರು ಆಗಿಬಿಡುತ್ತೆ. ಕೆಮ್ಮಿದ್ರೂ ಅಷ್ಟೇ. ನನಗೊಬ್ಬಳಿಗೇನಾ ಹೀಗೆ?’

ಖಂಡಿತ ಇಲ್ಲ. ಹೀಗೆ ತಿಳಿಯದೆ ಮೂತ್ರ ಸೋರುವುದು ಬಹಳ ಹೆಂಗಸರಲ್ಲಿದೆ. ಆದರೆ ‘ಹಾಗಾದ್ರೆ ಎಷ್ಟು ಜನಕ್ಕೆ?’ ಎಂದು ಕೇಳಿದರೆ ಉತ್ತರ ಸ್ವಲ್ಪ ಉದ್ದ. ಯಾವುದನ್ನು ತೊಂದರೆ ಎಂದು ಎಣಿಸುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ.

2005ರಲ್ಲಿ ಕೆನಡಾ, ಜರ್ಮನಿ, ಇಟಲಿ, ಸ್ವೀಡನ್, ಬ್ರಿಟನ್ ಈ ಐದು ದೇಶಗಳಲ್ಲಿ 19,000ಕ್ಕೂ ಹೆಚ್ಚು ಜನರಿಗೆ ಫೋನ್ ಮಾಡಿ ಕೇಳಿದ ‘ಎಪಿಕ್’ ಎಂಬ ಸಮೀಕ್ಷೆ ಇದೆ. ಅದರಲ್ಲಿ 18 ದಾಟಿದ ಹೆಂಗಸರ ಪೈಕಿ ಮೂವರಲ್ಲಿ ಇಬ್ಬರಿಗೆ ಮೂತ್ರದ ಯಾವುದಾದರೂ ಒಂದು ತೊಂದರೆ ಇತ್ತು. ಗಾಬರಿಯಾಗಬೇಡಿ. ರಾತ್ರಿ ಒಂದು ಸಲ ಎದ್ದು ಒಂದಕ್ಕೆ ಹೋಗುವುದನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು. ಅದೊಂದೇ ಶೇ. 54 ಹೆಂಗಸರಲ್ಲಿತ್ತು. ಆ ಲೆಕ್ಕದಲ್ಲಿ ನಾನೂ ರೋಗಿಯೇ. ತಿಳಿಯದೆ ಸೋರುವುದನ್ನು ಮಾತ್ರ ಎಣಿಸಿದಾಗ ಸಂಖ್ಯೆ ಶೇ. 13ಕ್ಕೆ ಇಳಿಯಿತು.

ನಾರ್ವೆಯ ಒಂದು ಜಿಲ್ಲೆಯಲ್ಲಿ ಸೋರುವುದರ ಬಗ್ಗೆಯೇ ಕಾಗದದ ಮೇಲೆ ಕೇಳಿದರು. ಸುಮಾರು 28,000 ಹೆಂಗಸರು ಉತ್ತರಿಸಿದರು. ಅಲ್ಲಿ ನಾಲ್ವರಲ್ಲಿ ಒಬ್ಬರು ‘ಹೌದು, ಸೋರುತ್ತೆ’ ಎಂದಿದ್ದರು. ಹೆಚ್ಚಾಗಿ ಸೋರಿ, ಅದರಿಂದ ನಿಜಕ್ಕೂ ಕಷ್ಟಪಡುತ್ತಿದ್ದವರು ಶೇ. 7. ಫೋನಿನಲ್ಲಿ 13, ಕಾಗದದಲ್ಲಿ 25! ಕೇಳಿದ ಪ್ರಶ್ನೆ, ಊರು ಎಲ್ಲವೂ ಬೇರೆ, ನಿಜ. ಆದರೂ ಗುರುತಿಲ್ಲದ ದನಿಯ ಎದುರು ಇದನ್ನು ಹೇಳುವುದು ಯಾವ ದೇಶದಲ್ಲೂ ಸುಲಭವಲ್ಲ ಎಂದು ನನ್ನ ಅನುಮಾನ.

ನನ್ನ ಕೋಣೆಯಲ್ಲೂ ಹಾಗೆಯೇ. ‘ಮೂತ್ರದ ತೊಂದರೆ ಏನಾದ್ರೂ ಇದೆಯಾ?’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಅದಕ್ಕೇ ಈಗ ಬೇರೆ ಥರ ಕೇಳುತ್ತೇನೆ. ಬಸ್ ಹತ್ತುವ ಮೊದಲು ನೀರು ಕುಡಿಯುವುದನ್ನು ಬಿಡ್ತೀರಾ? ಮದುವೆ ಮನೆಗೆ ಹೋದ ಕೂಡಲೇ ಟಾಯ್ಲೆಟ್ ಎಲ್ಲಿದೆ ಅಂತ ನೋಡಿಟ್ಟುಕೊಳ್ತೀರಾ? ಸೀನು ಬಂದರೆ ಕಾಲು ಕತ್ತರಿ ಹಾಕ್ತೀರಾ? ಆಗ ನಗು ಬರುತ್ತದೆ, ಅದರ ಹಿಂದೆ ಮಾತೂ ಬರುತ್ತದೆ.

ಸೋರುವುದರಲ್ಲೂ ಎರಡು ಬಗೆ. ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಆಗುವುದು ಒಂದು. ಮೂತ್ರಚೀಲವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ನವಾರಿನ ಮಂಚದ ಪಟ್ಟಿಗಳಿದ್ದಂತೆ. ಅವು ಸಡಿಲವಾದರೆ ಮೇಲಿನಿಂದ ಬೀಳುವ ಒತ್ತಡ ತಡೆಯುವುದಿಲ್ಲ. ಇನ್ನೊಂದು ಬಗೆಯಲ್ಲಿ ಚೀಲ ತುಂಬುವ ಮೊದಲೇ ಅವಸರ ಮಾಡುತ್ತದೆ. ಮನೆ ಬೀಗಕ್ಕೆ ಕೀ ಹಾಕುವಷ್ಟರಲ್ಲಿ, ನಲ್ಲಿಯ ಸದ್ದು ಕೇಳುವಷ್ಟರಲ್ಲಿ ತಡೆಯಲಾಗುವುದಿಲ್ಲ. ಎರಡೂ ಒಟ್ಟಿಗೆ ಇರುವವರೂ ಬೇಕಾದಷ್ಟು ಜನ.

‘ನನಗೆ ಸಿಸೇರಿಯನ್ ಆಗಿದ್ದು, ಆದ್ರೂ ಯಾಕೆ?’ ಎಂದು ಕೇಳುವವರಿದ್ದಾರೆ. ಅದೇ ನಾರ್ವೆಯ ಹೆಂಗಸರಲ್ಲಿ 65ರೊಳಗಿನವರ ಲೆಕ್ಕ 2003ರಲ್ಲಿ ಪ್ರಕಟವಾಯಿತು. ಸೋರುತ್ತಿದ್ದದ್ದು ಹೆರಿಗೆಯೇ ಆಗದವರಲ್ಲಿ ಶೇ. 10, ಸಿಸೇರಿಯನ್ ಮಾತ್ರ ಆದವರಲ್ಲಿ ಸುಮಾರು 16, ಸಹಜ ಹೆರಿಗೆಯವರಲ್ಲಿ 21. ಹೆರಿಗೆ ದೊಡ್ಡ ಕಾರಣ, ಹೌದು. ಆದರೆ ಬಸಿರಿನ ಭಾರವೇ ಒಂದು ಕೆಲಸ ಮಾಡಿರುತ್ತದೆ. ಜೊತೆಗೆ ತೂಕ, ಮಲಬದ್ಧತೆ, ಹಳೆಯ ಕೆಮ್ಮು, ಮುಟ್ಟು ನಿಂತ ಮೇಲಿನ ಬದಲಾವಣೆ.

ಉರಿಮೂತ್ರದ ಕಥೆ ಬೇರೆ. ನಮ್ಮಲ್ಲಿ ಅದಕ್ಕೆ ‘ಉಷ್ಣ ಆಗಿದೆ’ ಎಂದು ಹೆಸರಿಟ್ಟು ಎಳನೀರು, ಬಾರ್ಲಿ ನೀರು ಕುಡಿದು ಕೂರುತ್ತೇವೆ. ಬಹಳ ಸಲ ಅದು ಸೋಂಕು. ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಸರದ್ದು ಸುಮಾರು 20. ರೋಗಾಣುವಿಗೆ ದಾರಿ ಅಷ್ಟು ಹತ್ತಿರ. ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಅಜ್ಜಿಯ ನೀರಿನ ಸಲಹೆ ಪೂರ್ತಿ ತಪ್ಪೇನಲ್ಲ. ಪದೇ ಪದೇ ಸೋಂಕಾಗುವ, ನೀರು ಕಡಿಮೆ ಕುಡಿಯುವ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿದಾಗ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದು 2018ರ ಒಂದು ಪ್ರಯೋಗದಲ್ಲಿ ಕಂಡಿದೆ. ಆದರೆ ಬಂದಿರುವ ಸೋಂಕಿಗೆ ಮೂತ್ರ ಪರೀಕ್ಷೆ, ಡಾಕ್ಟರ ಔಷಧ ಬೇಕು. ಕಳೆದ ಸಲ ಉಳಿದ ಮಾತ್ರೆ ನುಂಗುವುದು ಬೇಡ.

ಈಗ ನನಗೆ ಇಷ್ಟವಾದ ಭಾಗ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಬರೆದ ವ್ಯಾಯಾಮ ಸೋರುವುದಕ್ಕೆ ಇಂದಿಗೂ ಮೊದಲ ಚಿಕಿತ್ಸೆ. ಕೆಮ್ಮಿದಾಗ ಸೋರುವವರ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇದನ್ನು ಮಾಡಿದ ನೂರರಲ್ಲಿ 56 ಜನ ವಾಸಿಯಾಯಿತು ಎಂದರು. ಮಾಡದವರಲ್ಲಿ ಆರು ಜನ. ಹೇಗೆ ಮಾಡುವುದು? ನಾಲ್ಕು ಜನರ ನಡುವೆ ಹೂಸು ತಡೆದುಕೊಳ್ಳುತ್ತೀರಲ್ಲ, ಆ ಜಾಗವನ್ನು ಮೇಲಕ್ಕೆ ಎಳೆದುಕೊಳ್ಳಿ. (ಇದಕ್ಕಿಂತ ಮರ್ಯಾದೆಯ ಮಾತಿನಲ್ಲಿ ಹೇಳಿ ನೋಡಿದೆ, ಯಾರಿಗೂ ಅರ್ಥವಾಗಲಿಲ್ಲ.) ಹೊಟ್ಟೆ, ತೊಡೆ ಬಿಗಿಯಬಾರದು. ಉಸಿರು ಕಟ್ಟಬಾರದು. ಕೆಲವು ಸೆಕೆಂಡು ಹಿಡಿದು ಪೂರ್ತಿ ಸಡಿಲ ಬಿಡಿ. ಒಂದು ಸುತ್ತಿಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಸುತ್ತು, ಕನಿಷ್ಠ ಮೂರು ತಿಂಗಳು. ಎರಡು ವಾರ ಮಾಡಿ ‘ಏನೂ ಆಗ್ಲಿಲ್ಲ’ ಎಂದು ಬಿಡುವವರೇ ಜಾಸ್ತಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಮಾತ್ರ ಬೇಡ. ಮಾಡಿದರೆ ನೋವಾಗುವವರು ಮೊದಲು ಯಾರಿಗಾದರೂ ತೋರಿಸಿ.

ಅವಸರದ ಬಗೆಯವರು ‘ಸುಮ್ನೆ ಒಂದ್ಸಲ ಹೋಗಿ ಬಂದುಬಿಡೋಣ’ ಎನ್ನುವುದನ್ನು ಬಿಡಬೇಕು. ಅರ್ಧ ಲೀಟರಿನಷ್ಟು ಹಿಡಿಯುವ ಚೀಲಕ್ಕೆ ಸ್ವಲ್ಪಕ್ಕೇ ಖಾಲಿಯಾಗುವ ಚಾಳಿ ಕಲಿಸಿರುತ್ತೇವೆ. ಹೋಗಬೇಕು ಅನಿಸಿದ ಮೇಲೆ ಐದು ನಿಮಿಷ ತಡೆಯಿರಿ, ಮುಂದಿನ ವಾರ ಹತ್ತು. ಕಾಫಿ ಕಡಿಮೆ ಮಾಡಿ, ನೀರನ್ನಲ್ಲ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಇನ್ನಷ್ಟು ಕೆಣಕುತ್ತದೆ. ಆದರೆ ಶಾಲೆಯ ಟೀಚರುಗಳು, ಕಂಡಕ್ಟರುಗಳು, ಅಂಗಡಿಯಲ್ಲಿ ನಿಂತು ದುಡಿಯುವವರು ಇದನ್ನು ಓದಿ ನಕ್ಕರೆ ನನ್ನ ಬಳಿ ಉತ್ತರವಿಲ್ಲ. ದಿನವಿಡೀ ಹೋಗಲು ಜಾಗವೇ ಇಲ್ಲದವರಿಗೆ ಜಾಸ್ತಿ ನೀರು ಕುಡಿಯಿರಿ ಎನ್ನುವುದು ಸುಲಭದ ಮಾತು.

ಮೂತ್ರದಲ್ಲಿ ರಕ್ತ, ಚಳಿಜ್ವರದ ಜೊತೆ ಬೆನ್ನುನೋವು, ಮೂತ್ರವೇ ಕಟ್ಟಿಕೊಳ್ಳುವುದು ಇದ್ದರೆ ವ್ಯಾಯಾಮ ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಬಸುರಿಯರಿಗೆ ಉರಿ ಬಂದರೂ ಹಾಗೆಯೇ. ಏನೋ ಕೆಳಗೆ ಜಾರಿದಂತೆ ಅನಿಸಿದರೂ ತೋರಿಸಿ. ಪದೇ ಪದೇ ಮೂತ್ರ, ಜೊತೆಗೆ ಬಾಯಾರಿಕೆ ಇದ್ದರೆ ಶುಗರ್ ಪರೀಕ್ಷೆ ಮಾಡಿಸಿ.

ನನ್ನಂಥವರ ಹತ್ತಿರ ಬರುವ ಮೊದಲು ಮೂರು ದಿನದ ಲೆಕ್ಕ ಬರೆದು ತನ್ನಿ. ಎಷ್ಟು ಕುಡಿದಿರಿ, ಯಾವಾಗ ಹೋದಿರಿ, ಎಷ್ಟು ಹೋಯಿತು, ಯಾವಾಗ ಸೋರಿತು. ಅಳೆಯಲು ಗುರುತು ಹಾಕಿದ ಹಳೇ ಪ್ಲಾಸ್ಟಿಕ್ ಮಗ್ ಸಾಕು. ಅದರ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಏನಾದರೂ ಬರೆದಿಡಿ. ಒಬ್ಬರ ಮನೆಯಲ್ಲಿ ಅತ್ತೆಯವರು ಅದನ್ನು ತೊಳೆದು ಅಕ್ಕಿ ಡಬ್ಬಕ್ಕೆ ಹಾಕಿದ್ದರಂತೆ.