ಉದ್ದ ಪದಗಳ ನೋಟ್‌ಬುಕ್: ಈಗ ಬಾಲದಿಂದ ಶುರು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕನ್ನಡ ಮಕ್ಕಳಿಗಾಗಿ ಬರೆಯುತ್ತಿರುವ ಇಂಗ್ಲಿಷ್ ಪದಗಳ ನೋಟ್‌ಬುಕ್ ಈ ತಿಂಗಳು ಒಂದು ಹದಕ್ಕೆ ಬಂತು. ಎ, ಬಿ, ಸಿ ಕ್ರಮ ಬಿಟ್ಟು, ಪದದ ಕೊನೆಯ ತುಂಡನ್ನು ನೋಡಿ ಗುಂಪು ಮಾಡಿದ್ದೇನೆ. ಉದ್ದ ಪದದಲ್ಲಿ ಒತ್ತು, ಅಂದರೆ ಜೋರಾಗಿ ಹೇಳುವ ತುಂಡು, ಎಲ್ಲಿ ಬೀಳುತ್ತದೆ ಅಂತ ಎಷ್ಟೋ ಸಲ ಬಾಲವೇ ಹೇಳಿಬಿಡುತ್ತದೆ.

ಮೊದಲ ಗುಂಪು 'ಷನ್'. ಅದರ ಹಿಂದಿನ ತುಂಡಿಗೇ ಒತ್ತು. ಮುಂಬೈಯಲ್ಲಿ ಉದಾಹರಣೆಗೆ ಬರವಿಲ್ಲ: ಕಾರ್-ಪ-'ರೇ'-ಷನ್ (ಬಿಡಿಸಿದ ಪದದಲ್ಲಿ ಉದ್ಧರಣ ಚಿಹ್ನೆಯೊಳಗಿನ ತುಂಡಿಗೆ ಒತ್ತು). ಮಾಟುಂಗಾದ ಮೈಸೂರು ಅಸೋಸಿಯೇಷನ್ ಹೆಸರಿನಿಂದ ಅ-ಸೋ-ಸಿ-'ಏ'-ಷನ್. 'ಇಕ್', 'ಇಟಿ' ಬಂದರೂ ಇದೇ ಲೆಕ್ಕ. ಮ್ಯೂ-'ನಿ'-ಸಿ-ಪಲ್ ಅನ್ನುವುದಕ್ಕೆ 'ಇಟಿ' ಸೇರಿಸಿ ನೋಡಿ: ಮ್ಯೂ-ನಿ-ಸಿ-'ಪ್ಯಾ'-ಲಿ-ಟಿ. ಒತ್ತು ಎರಡು ತುಂಡು ಮುಂದೆ ಹೋಯಿತು.

ನನಗೆ ತುಂಬಾ ಇಷ್ಟವಾದ ಪುಟ ಇದು: 'ಫೋ'-ಟ-ಗ್ರಾಫ್, ಫ-'ಟಾ'-ಗ್ರ-ಫರ್, ಫೋ-ಟ-'ಗ್ರ್ಯಾ'-ಫಿಕ್. ಎರಡನೆಯದರಲ್ಲಿ 'ಫೋ' ಕುಗ್ಗಿ ಬರೀ 'ಫ' ಆಗಿದೆ, ಅಲ್ವಾ? ಕನ್ನಡದಲ್ಲಿ ನಾವು ಪ್ರತಿ ಅಕ್ಷರವನ್ನೂ ಪೂರ್ತಿ ಹೇಳುತ್ತೇವೆ. ಹಾಗಾಗಿ ಒಂದು ತುಂಡನ್ನು ಸುಮ್ನೆ ಜೋರಾಗಿ ಹೇಳಿದರೆ ಸಾಲದು, ಪಕ್ಕದವನ್ನು ಮೆತ್ತಗೆ ಮಾಡುವುದನ್ನೂ ಕಲಿಸಬೇಕು. ಮಕ್ಕಳಿಗೆ ಜಾಸ್ತಿ ಸಮಯ ಹಿಡಿಯುವುದು ಇಲ್ಲೇ.

ಎದುರು ಮನೆಯ ಅಜ್ಜಿ ಕನ್ನಡ ಪಂಡಿತರ ಮಗಳು. "ಲಘು-ಗುರು ಗುರುತು ಹಾಕಪ್ಪಾ, ಮಕ್ಕಳಿಗೆ ತಿಳಿಯುತ್ತೆ" ಅಂದರು. ಒಂದು ಪುಟ ಹಾಗೇ ಮಾಡಿದೆವು. ಆದರೆ ಇ-ಲೆಕ್-'ಟ್ರಿ'-ಸಿ-ಟಿ ಬಂದಾಗ ಎರಡೂ ಕೂಡಲಿಲ್ಲ. ನಮ್ಮ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅಂದರೆ 'ಲೆಕ್' ಗುರು. ಇಂಗ್ಲಿಷ್ ಒತ್ತು ಮಾತ್ರ ಲಘುವಾದ 'ಟ್ರಿ' ಮೇಲಿದೆ. ಲಘು-ಗುರು ಅಳೆಯುವುದು ಮಾತ್ರೆಯನ್ನು, ಒತ್ತನ್ನಲ್ಲ. ಅಜ್ಜಿಗೂ ಇದು ಖುಷಿ ಕೊಟ್ಟಿತು. ಆ ಪುಟವನ್ನು ಹಾಗೇ ಉಳಿಸಿಕೊಂಡು, ಬೇರೆ ಕಡೆ ಒತ್ತಿಗೆ ಕೆಂಪು ಇಂಕು ಬಳಸಿದ್ದೇವೆ.

ಬಾಲಕ್ಕೇ ಒತ್ತು ಬೀಳುವ ಗುಂಪು ಚಿಕ್ಕದು: ಎಂ-ಜಿ-'ನಿಯರ್', ಜ್ಯಾ-ಪ-'ನೀಸ್'. ನಿಯಮಕ್ಕೆ ಬಗ್ಗದ 'ಪಾ'-ಲಿ-ಟಿಕ್ಸ್, ಅ-'ರಿತ್'-ಮ-ಟಿಕ್, 'ಟೆ'-ಲಿ-ವಿ-ಷನ್ ಕೊನೆಯ ಪುಟದಲ್ಲಿವೆ. ಇವನ್ನು ಬಾಯಿಪಾಠ ಮಾಡಲೇಬೇಕು.

ಈಗ ಜೋಡಿಗಳನ್ನು ಕೂಡಿಸುತ್ತಿದ್ದೇನೆ. ದಾಖಲೆ ಅನ್ನುವಾಗ 'ರೆ'-ಕಾರ್ಡ್, ದನಿ ಹಿಡಿದಿಡುವಾಗ ರಿ-'ಕಾರ್ಡ್'. ಉಡುಗೊರೆ 'ಪ್ರೆ'-ಸೆಂಟ್, ಮುಂದಿಡುವುದು ಪ್ರಿ-'ಸೆಂಟ್'. ಇಂಥವು ನಿಮಗೆ ಗೊತ್ತಿದ್ದರೆ ಕಳಿಸಿ, ಹಾಳೆ ಇನ್ನೂ ಖಾಲಿ ಇದೆ.